ಲಕ್ಷ ಎಂಬತ್ತಾರು ಸಾವಿರ ಓಡಿದ ಕಾರನ್ನು ಕೊಂಡ ಅನುಭವ

ಲಕ್ಷ ಕಿಲೋಮೀಟರ್ ದಾಟಿದ ಗಾಡಿಯನ್ನು ಮುಟ್ಟಬಾರದು ಎಂಬ ಮಾತು ಬೆಂಗಳೂರಿನಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಮಾರಾಟಕ್ಕೆ ನಿಂತ ಹಳೆಯ ಕಾರುಗಳಲ್ಲಿ ಲೆಕ್ಕವಿಲ್ಲದಷ್ಟು ಕಾರುಗಳ ಮೀಟರು ಎಂಬತ್ತು, ತೊಂಬತ್ತು ಸಾವಿರದಲ್ಲೇ ನಿಂತಿರುತ್ತದೆ. ಹತ್ತು ವರ್ಷ ಓಡಿದ ಗಾಡಿಗಳೆಲ್ಲ ಒಂದೇ ಅಂಕಿಯ ಆಸುಪಾಸಿನಲ್ಲಿ ಹೇಗೆ ನಿಲ್ಲುತ್ತವೆ ಎಂದು ಕೊಳ್ಳುವವರು ಕೇಳುವುದಿಲ್ಲ. 2023ರಲ್ಲಿ ನಾನು 2014ರ ಪೆಟ್ರೋಲ್ ಟೊಯೋಟಾ ಎಟಿಯೋಸ್ ಸೆಡಾನ್ ಕೊಂಡಾಗ ಅದರ ಮೀಟರಿನಲ್ಲಿ ಇದ್ದದ್ದು 1,86,000. ಮನೆಯವರು, ಕಚೇರಿಯ ಗೆಳೆಯರು, ಪಕ್ಕದ ಮನೆಯವರು, ಎಲ್ಲರೂ ಬೇಡವೆಂದರು. ಆದರೂ ಕೊಂಡೆ. ಅದು ಹಟದಿಂದಲ್ಲ, ಲೆಕ್ಕ ಹಾಕಿ ತೆಗೆದುಕೊಂಡ ತೀರ್ಮಾನ. ಆ ಲೆಕ್ಕವನ್ನು ಮೊದಲು ಹೇಳುತ್ತೇನೆ.

ಎಂಜಿನ್ ಸವೆಯುವುದು ದೂರಕ್ಕಿಂತ ಹೆಚ್ಚಾಗಿ ತಿರುಗಿದ ಗಂಟೆಗಳಿಂದ. ಟಾಮ್‌ಟಾಮ್ ಸಂಸ್ಥೆಯ 2022ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಿತ್ತು. ಅಂದರೆ ಗಂಟೆಗೆ ಸುಮಾರು ಇಪ್ಪತ್ತು ಕಿಲೋಮೀಟರ್ ವೇಗ. ಈ ಊರಿನ ಒಳಗೇ ತೊಂಬತ್ತು ಸಾವಿರ ಓಡಿದ ಕಾರಿನ ಎಂಜಿನ್ ಸುಮಾರು 4,500 ಗಂಟೆ ತಿರುಗಿರುತ್ತದೆ. ನಾನು ಕೊಂಡ ಕಾರು ತನ್ನ ಓಟದ ಮುಕ್ಕಾಲು ಪಾಲನ್ನು ಹೆದ್ದಾರಿಯಲ್ಲಿ ಗಂಟೆಗೆ ಅರವತ್ತರ ಸರಾಸರಿಯಲ್ಲಿ ಮುಗಿಸಿತ್ತು. ಹೆದ್ದಾರಿಯ 1,40,000 ಕಿಲೋಮೀಟರಿಗೆ ಸುಮಾರು 2,300 ಗಂಟೆ, ಊರೊಳಗಿನ 46,000ಕ್ಕೆ ಇನ್ನೊಂದು 2,300 ಗಂಟೆ. ಒಟ್ಟು 4,600. ಮೀಟರಿನಲ್ಲಿ ಎರಡರಷ್ಟು ವಯಸ್ಸಾದಂತೆ ಕಾಣುವ ಕಾರು, ಎಂಜಿನ್ನಿನ ಲೆಕ್ಕದಲ್ಲಿ ಆ ತೊಂಬತ್ತು ಸಾವಿರದ ಕಾರಿನ ಸರೀಕನೇ. ಕ್ಲಚ್ಚು, ಬ್ರೇಕು, ಗೇರುಗಳ ಲೆಕ್ಕ ಹಿಡಿದರೆ ಹೆದ್ದಾರಿಯ ಕಾರೇ ಕಿರಿಯದು. ಸಿಲ್ಕ್ ಬೋರ್ಡಿನ ಕೂಡುರಸ್ತೆಯನ್ನು ಒಮ್ಮೆ ದಾಟುವಷ್ಟರಲ್ಲಿ ತುಳಿಯುವಷ್ಟು ಕ್ಲಚ್ಚನ್ನು ತುಮಕೂರಿನಿಂದ ಚಿತ್ರದುರ್ಗದವರೆಗೂ ತುಳಿಯಬೇಕಾಗುವುದಿಲ್ಲ.

ಎಲ್ಲ ಬಿಡಿಭಾಗಗಳಿಗೂ ಈ ಲೆಕ್ಕ ಒಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. ಚಕ್ರದ ಬೇರಿಂಗು, ಶಾಕ್ ಅಬ್ಸಾರ್ಬರು, ಡ್ರೈವ್‌ಶಾಫ್ಟಿನ ಜಾಯಿಂಟುಗಳು ದೂರವನ್ನೇ ಎಣಿಸುತ್ತವೆ. ರಬ್ಬರು ಇವೆರಡನ್ನೂ ಎಣಿಸದೆ ವರ್ಷಗಳನ್ನು ಎಣಿಸುತ್ತದೆ. ಹಾಗಾಗಿ ಹೆಚ್ಚು ಓಡಿದ ಹಳೆಯ ಕಾರನ್ನು ಕೊಳ್ಳುವವರು ಎಂಜಿನ್ನಿಗೆ ಹೆದರುವುದಕ್ಕಿಂತ ಈ ಸಣ್ಣ ಸಾಮಾನುಗಳಿಗೆ ಹಣ ತೆಗೆದಿಡುವುದು ಮುಖ್ಯ. ನಾನು ಕಾರಿಗೆಂದು ಇಟ್ಟಿದ್ದ ನಾಲ್ಕು ಲಕ್ಷದಲ್ಲಿ ಎಪ್ಪತ್ತೈದು ಸಾವಿರವನ್ನು ಮೊದಲೇ ಬೇರೆ ತೆಗೆದಿರಿಸಿ, ಉಳಿದದ್ದರಲ್ಲಿ ಹುಡುಕಲು ಹೊರಟೆ. ಹೊಸ ಸೆಡಾನಿನ ಆಸೆಯಿದ್ದರೂ, ಕರ್ನಾಟಕದಲ್ಲಿ ಹತ್ತು ಲಕ್ಷ ದಾಟಿದ ಕಾರಿಗೆ ಜೀವಿತಾವಧಿ ತೆರಿಗೆಯೇ ಶೇ 17 ಇರುವಾಗ ಅದು ನನ್ನ ಕೈಗೆ ಎಟುಕುವ ಮಾತಾಗಿರಲಿಲ್ಲ.

ಎಟಿಯೋಸೇ ಏಕೆ ಎಂದು ಹಲವರು ಕೇಳಿದ್ದಾರೆ. ನೋಡಲು ಸಾದಾ ಕಾರು, ಮೀಟರು ಡ್ಯಾಶ್‌ಬೋರ್ಡಿನ ನಡುವೆ ಇದೆ, ಒಳಗೆ ಆಡಂಬರವಿಲ್ಲ. 2010ರ ಕೊನೆಯಲ್ಲಿ ಬಂದು, ಬಿಎಸ್6 ಹೊಗೆ ನಿಯಮ ಜಾರಿಯಾದ 2020ರಲ್ಲಿ ನಿಂತುಹೋದ ಮಾದರಿ. ನಮ್ಮ ಬಿಡದಿಯಲ್ಲೇ ತಯಾರಾದದ್ದು. ಈ ಊರಿನ ಟ್ಯಾಕ್ಸಿ ಚಾಲಕರು ಅದನ್ನು ವರ್ಷಗಟ್ಟಲೆ ವಿಮಾನ ನಿಲ್ದಾಣಕ್ಕೆ ಓಡಿಸಿದ್ದರಿಂದ ಅದರ ಪ್ರತಿ ಸ್ಕ್ರೂವಿನ ಗುಣವೂ ಬೆಂಗಳೂರಿನ ಗ್ಯಾರೇಜುಗಳಿಗೆ ಗೊತ್ತು. ಕಾರೊಂದು ದೀರ್ಘಕಾಲ ಬಾಳಬೇಕಾದರೆ ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಹತ್ತಿರದಲ್ಲೇ ಇರಬೇಕು. ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಬದಲು ಚೈನ್ ಇರುವುದರಿಂದ ಇಂತಿಷ್ಟು ಸಾವಿರಕ್ಕೊಮ್ಮೆ ಬೆಲ್ಟ್ ಬದಲಿಸುವ ಖರ್ಚಿಲ್ಲ. 2016ರ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಎರಡು ಏರ್‌ಬ್ಯಾಗಿನ ಎಟಿಯೋಸಿಗೆ ವಯಸ್ಕರ ಸುರಕ್ಷತೆಯಲ್ಲಿ ನಾಲ್ಕು ನಕ್ಷತ್ರ ಸಿಕ್ಕಿತ್ತು. ಏರ್‌ಬ್ಯಾಗ್ ಇಲ್ಲದ ಹಳೆಯ ಗಾಡಿ ಎಷ್ಟೇ ಅಗ್ಗವಾಗಿದ್ದರೂ ಬೇಡವೆಂದು ಮೊದಲೇ ನಿಶ್ಚಯಿಸಿದ್ದೆ.

ಹುಡುಕಾಟದಲ್ಲಿ ಕಂಡದ್ದು ಬಹಳ. ಮಾರತ್ತಹಳ್ಳಿ ಕಡೆಯ ಒಂದು ಕಾರು ಹೊರಗಿನಿಂದ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದಾಗ, ಸದಾ ಸುರುಳಿಯೊಳಗೇ ಅಡಗಿರುವ ಕೊನೆಯ ಗೇಣಿನಲ್ಲಿ ಒಣಗಿದ ಕೆಸರಿನ ಗೆರೆ ಕಂಡಿತು. ಸೀಟಿನ ಬೋಲ್ಟುಗಳಿಗೆ ತುಕ್ಕು, ಕಾರ್ಪೆಟ್ಟಿನ ಅಡಿಯಲ್ಲಿ ಹಸಿ ಮಣ್ಣಿನ ವಾಸನೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಸುತ್ತಮುತ್ತ ಮುಳುಗಿದ ಕಾರುಗಳು ಎಲ್ಲಿ ಹೋದವು ಎಂಬುದಕ್ಕೆ ಉತ್ತರ ಅಲ್ಲೇ ಇತ್ತು. ಮುಳುಗಿದ ಕಾರಿನ ಎಂಜಿನ್ನನ್ನು ಸರಿಮಾಡಬಹುದು. ವೈರಿಂಗಿನ ಸಂದುಗಳಲ್ಲಿ ಹಸಿರುಗಟ್ಟುವ ತಾಮ್ರವನ್ನು ಪೂರ್ತಿ ಸರಿಮಾಡಲು ಆಗುವುದಿಲ್ಲ. ಮತ್ತೊಂದು ಕಾರಿನ ಮೀಟರು 62,000 ತೋರಿಸುತ್ತಿತ್ತು, ಬ್ರೇಕ್ ಪೆಡಲಿನ ರಬ್ಬರು ಮಾತ್ರ ಗೀರುಗಳೆಲ್ಲ ಅಳಿಸಿ ನುಣ್ಣಗಾಗಿತ್ತು. ಅದೇ ಕಾರಿಗೆ, ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ನನ್ನ ಪುಟ್ಟ ಒಬಿಡಿ ಸ್ಕ್ಯಾನರನ್ನು ಜೋಡಿಸಿದಾಗ ದೋಷ ಸಂಕೇತ ಒಂದೂ ಇರಲಿಲ್ಲ, ಆದರೆ ಕಂಪ್ಯೂಟರಿನ ಸ್ವಯಂಪರೀಕ್ಷೆಗಳೆಲ್ಲ ‘ಅಪೂರ್ಣ’ ಎಂದಿದ್ದವು. ದೋಷಗಳನ್ನು ಅಳಿಸಿದಾಗ ಈ ಪರೀಕ್ಷೆಗಳೂ ಅಳಿದುಹೋಗುತ್ತವೆ, ಗಾಡಿ ಒಂದಷ್ಟು ಓಡಿದ ಮೇಲಷ್ಟೇ ಮತ್ತೆ ಪೂರ್ಣವಾಗುತ್ತವೆ. ಯಾರೋ ಆ ಬೆಳಿಗ್ಗೆಯೇ ಎಚ್ಚರಿಕೆಯ ದೀಪ ಆರಿಸಿ ತಂದಿದ್ದರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಇನ್ನೂ ಕೆಲವು, ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಟ್ಯಾಕ್ಸಿಗಳು. ಟ್ಯಾಕ್ಸಿಯಾಗಿದ್ದದ್ದು ಅಪರಾಧವಲ್ಲ, ಮುಚ್ಚಿಡುವುದು ಅಪರಾಧ.

ಕಡೆಗೆ ಒಪ್ಪಿದ ಕಾರು ಸಿಕ್ಕಿದ್ದು ವಿಜಯನಗರದಲ್ಲಿ. ಮಾಲೀಕರು ಬಿತ್ತನೆ ಬೀಜದ ವ್ಯಾಪಾರಿ, ಕೆಲಸದ ಮೇಲೆ ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿಗೆ ಸದಾ ಓಡಾಡಿದವರು. ಫೋನಿನಲ್ಲಿ ಮೊದಲ ಮಾತಿಗೇ ‘ಗಾಡಿ ಜಾಸ್ತಿ ಓಡಿದೆ, ನೋಡಿಕೊಂಡು ಬನ್ನಿ’ ಎಂದಿದ್ದರು. ಈ ವ್ಯವಹಾರದಲ್ಲಿ ಅಂಥ ಮಾತು ಅಪರೂಪ. ಮನೆಗೆ ಹೋದಾಗ ನೀಲಿ ಬಣ್ಣದ ದಪ್ಪ ಕಡತವೊಂದನ್ನು ತಂದು ಮೇಜಿನ ಮೇಲಿಟ್ಟರು. ಮೊದಲ ಸರ್ವಿಸಿನಿಂದ ಹಿಡಿದು ಆಯಿಲ್ ಬದಲಾವಣೆ, ಟೈರು, ಬ್ಯಾಟರಿ, ವೈಪರಿನ ರಬ್ಬರಿನವರೆಗೂ ಬಿಲ್ಲುಗಳು ತಾರೀಖಿನ ಕ್ರಮದಲ್ಲಿದ್ದವು. ಪ್ರತಿ ಬಿಲ್ಲಿನ ಮೂಲೆಯಲ್ಲಿ ನೀಲಿ ಶಾಯಿಯಲ್ಲಿ ಅಂದಿನ ಕಿಲೋಮೀಟರ್. ಅವುಗಳ ನಡುವಿನ ಅಂತರ ನೋಡುತ್ತಾ ಹೋದೆ: ಒಂಬತ್ತು ಸಾವಿರ, ಹತ್ತು ಸಾವಿರ, ಒಂಬತ್ತೂವರೆ ಸಾವಿರ. ಎಲ್ಲಿಯೂ ಹಾರಿದ ಹೆಜ್ಜೆಯಿಲ್ಲ. ಸಾವಿರಾರು ರೂಪಾಯಿಯ ಹೊಸ ಪೇಂಟಿಗಿಂತ ಆ ಕಡತ ನನ್ನ ಕಣ್ಣಿಗೆ ಹೆಚ್ಚು ಬೆಲೆಯದಾಗಿ ಕಂಡಿತು.

ಕಾಗದವನ್ನು ನಂಬಿದರೂ ಲೋಹವನ್ನು ನೋಡಲೇಬೇಕು. ವಿಲ್ಸನ್ ಗಾರ್ಡನಿನಲ್ಲಿ ನನಗೆ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರನ್ನು ಬೆಳಿಗ್ಗೆಯೇ ಕರೆದುಕೊಂಡು ಹೋದೆ. ನಾವು ಬರುವವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿದ್ದೆವು. ಬಿಸಿ ಎಂಜಿನ್ ಎಷ್ಟೋ ಗುಟ್ಟುಗಳನ್ನು ಮುಚ್ಚಿಹಾಕುತ್ತದೆ. ಅವರು ಬಾನೆಟ್ ಮೇಲೆ ಅಂಗೈಯಿಟ್ಟು ತಣ್ಣಗಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಕೀಲಿ ತಿರುಗಿಸಿದ್ದು. ಮೊದಲ ಎರಡು ಸೆಕೆಂಡು ಚೈನಿನ ಸದ್ದಿಗೆ ಕಿವಿ ಕೊಟ್ಟರು. ಸಡಿಲಾದ ಚೈನಿದ್ದರೆ ಆಯಿಲ್ ಒತ್ತಡ ಏರುವವರೆಗೆ ಗರಗರ ಎನ್ನುತ್ತದೆ. ಇಲ್ಲಿ ಆ ಸದ್ದಿರಲಿಲ್ಲ. ಹೊಗೆಕೊಳವೆಯ ಬಳಿ ಬಿಳಿ ಕಾಗದ ಹಿಡಿದು ನೋಡಿದರು. ಎಂಜಿನ್ ಆರಿಸಿ, ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟು ನನ್ನನ್ನು ಕರೆದರು. ಒಳಗೆ ಕ್ಯಾಮ್‌ಶಾಫ್ಟಿನ ಮೇಲೆ ತೆಳುವಾದ ಕಂದು ಛಾಯೆ ಇತ್ತಷ್ಟೇ, ಕಪ್ಪು ಜಿಡ್ಡಿಲ್ಲ. ಮುಚ್ಚಳದ ಒಳಬದಿಯನ್ನು ಬೆರಳಿನಿಂದ ಸವರಿ ನನ್ನ ಕಣ್ಣ ಮುಂದೆ ಹಿಡಿದರು. ಬೆರಳಿಗೆ ಅಂಟಿದ್ದು ಆಯಿಲ್ ಮಾತ್ರ. ನೀರು ಬೆರೆತಾಗ ಕಾಣುವ ಹಾಲುಬಣ್ಣದ ನೊರೆಯಾಗಲಿ, ಮಸಿಯ ಗಂಟಾಗಲಿ ಇರಲಿಲ್ಲ. ‘ಇದು ಹೊತ್ತಿಗೆ ಸರಿಯಾಗಿ ಊಟ ಮಾಡಿದ ಎಂಜಿನ್’ ಎಂದರು.

ಆಮೇಲೆ ಮಾಲೀಕರ ಒಪ್ಪಿಗೆ ಪಡೆದು ಗ್ಯಾರೇಜಿಗೆ ತಂದು ಕಂಪ್ರೆಶನ್, ಅಂದರೆ ಪಿಸ್ಟನ್ ಒತ್ತಿದಾಗ ಸಿಲಿಂಡರಿನೊಳಗೆ ಏರುವ ಗಾಳಿಯ ಒತ್ತಡ, ಅಳೆದೆವು. ನಾಲ್ಕೂ ಸಿಲಿಂಡರು 162ರಿಂದ 170 ಪಿಎಸ್‌ಐ ಒಳಗೆ ಬಂದವು. ಇಲ್ಲಿ ಒಂದು ವಿಷಯವನ್ನು ನೆನಪಿಡಬೇಕು: ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಹತ್ತನೇ ಒಂದು ಭಾಗದಷ್ಟು ಕಡಿಮೆ. ಹಾಗಾಗಿ ಮಂಗಳೂರಿನಲ್ಲಿ ಅಳೆದದ್ದಕ್ಕಿಂತ ಇಲ್ಲಿನ ಅಂಕಿ ಸಹಜವಾಗಿಯೇ ಕೆಳಗಿರುತ್ತದೆ. ಒಂಟಿ ಅಂಕಿಗಿಂತ ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಅದು ಶೇ 10ರ ಒಳಗಿದ್ದರೆ ನೆಮ್ಮದಿ. ಇನ್ನೊಂದು ಲಾಭವೂ ಈ ಎತ್ತರದ ಊರಿಗಿದೆ. ಕರಾವಳಿಯ ಉಪ್ಪುಗಾಳಿ ಇಲ್ಲದ್ದರಿಂದ ಕಾರಿನ ಅಡಿಭಾಗ ತುಕ್ಕಿಗೆ ಬೇಗ ಬಲಿಯಾಗುವುದಿಲ್ಲ. ಎತ್ತಿ ನೋಡಿದಾಗ ಸೈಲೆನ್ಸರಿನ ಬೆಸುಗೆಯ ಬಳಿ ಬಿಟ್ಟರೆ ಮತ್ತೆಲ್ಲೂ ತುಕ್ಕಿರಲಿಲ್ಲ. ಎಂಜಿನ್ ಕೆಟ್ಟರೆ ಬದಲಿಸಬಹುದು. ಚಾಸಿ ಕೊಳೆತರೆ ಆ ಕಾರಿನ ಆಯಸ್ಸು ಅಲ್ಲಿಗೆ ಮುಗಿಯಿತು.

ಓಡಿಸಿ ನೋಡಲು ಹನುಮಂತನಗರದ ಏರುರಸ್ತೆಯನ್ನೇ ಆರಿಸಿಕೊಂಡೆ. ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಮಾತ್ರ ಏರಿ, ಗಾಡಿಯ ವೇಗ ಹಿಂದೆಯೇ ಉಳಿಯಿತು. ಕ್ಲಚ್ ಪ್ಲೇಟು ಮುಗಿಯುತ್ತಾ ಬಂದಿತ್ತು. ಹಂಪುಗಳ ಮೇಲೆ ಮುಂದಿನ ಎಡಚಕ್ರದ ಕಡೆಯಿಂದ ‘ಟಕ್’ ಎಂಬ ಸದ್ದು. ಟೈರುಗಳ ಬದಿಯ ನಾಲ್ಕಂಕಿಯ ಸಂಖ್ಯೆ 2217, ಎಂದರೆ 2017ರ 22ನೇ ವಾರ ತಯಾರಾದವು. ಗೀರು ಉಳಿದಿದ್ದರೂ ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ಇವನ್ನೆಲ್ಲ ಮಾಲೀಕರ ಮುಂದೆ ನೇರವಾಗಿ ಹೇಳಿದೆ. ಅವರು ವಾದಿಸಲಿಲ್ಲ. ಹೇಳಿದ್ದ ಬೆಲೆಯಲ್ಲಿ ಮೂವತ್ತು ಸಾವಿರ ಬಿಟ್ಟರು. ಮೂರೂಕಾಲು ಲಕ್ಷಕ್ಕೆ ಮಾತು ಮುಗಿಯಿತು.

ಕಾಗದಪತ್ರದ ಕೆಲಸವನ್ನು ಮಧ್ಯವರ್ತಿಯಿಲ್ಲದೆ ಮಾಡಿದೆ. ಸರ್ಕಾರದ ವಾಹನ್ ಪೋರ್ಟಲಿನಲ್ಲಿ ಗಾಡಿಯ ಸಂಖ್ಯೆ ಹಾಕಿ ಸಾಲದ ಅಡಮಾನ ತೆಗೆದಿದೆಯೇ, ವಿಮೆ, ಹೊಗೆ ತಪಾಸಣೆ ಚಾಲ್ತಿಯಲ್ಲಿವೆಯೇ ಎಂದು ನೋಡುವುದಕ್ಕೆ ಹೆಚ್ಚು ಹೊತ್ತು ಬೇಡ. ಸಂಚಾರ ಪೊಲೀಸರ ಬಾಕಿ ದಂಡವನ್ನೂ ನೋಡಿಕೊಳ್ಳಬೇಕು. ದಂಡ ಗಾಡಿಯ ಸಂಖ್ಯೆಗೆ ಅಂಟಿಕೊಂಡು ಬರುತ್ತದೆ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿದೆವು. ರಾಜ್ಯದೊಳಗಿನ ವರ್ಗಾವಣೆಯಾದ್ದರಿಂದ ಕೆಎ–02 ಸಂಖ್ಯೆ ಹಾಗೆಯೇ ಉಳಿಯಿತು, ಹೊಸದಾಗಿ ತೆರಿಗೆ ಕಟ್ಟಬೇಕಾಗಲಿಲ್ಲ. ದೆಹಲಿಯಿಂದ ಬರುವ ಅಗ್ಗದ ಕಾರುಗಳಿಗೆ ಮರುಳಾಗುವವರು ಇಲ್ಲಿ ಮತ್ತೆ ಕಟ್ಟಬೇಕಾದ ಜೀವಿತಾವಧಿ ತೆರಿಗೆಯನ್ನು ಸೇರಿಸಿ ಲೆಕ್ಕ ಹಾಕಬೇಕು. ವಿಮೆಯನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಲೇಬೇಕು. ವಿಮೆಯ ಪರಿಹಾರ ಕೇಳದಿದ್ದಕ್ಕೆ ಕಂತಿನಲ್ಲಿ ಸಿಗುವ ರಿಯಾಯಿತಿ, ಎಂದರೆ ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅವರ ಜೊತೆಗೇ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಆ ವ್ಯತ್ಯಾಸದ ಹಣವನ್ನು ನಾನು ಕಟ್ಟಿದೆ.

ನಂತರದ್ದು ಜೆ.ಸಿ. ರಸ್ತೆಯ ಕೆಲಸ. ಬಿಡಿಭಾಗಗಳ ಅಂಗಡಿಗಳು ಸಾಲುಗಟ್ಟಿರುವ ಆ ರಸ್ತೆಯಲ್ಲಿ ಒಂದೇ ವಸ್ತುವಿಗೆ ಮೂರು ಬೆಲೆ ಇರುತ್ತದೆ: ಕಂಪನಿಯ ಪೊಟ್ಟಣದ್ದು, ಕಂಪನಿಗೆ ಸರಬರಾಜು ಮಾಡುವ ತಯಾರಕರದ್ದು, ಹೆಸರಿಲ್ಲದ್ದು. ನಾನು ಎರಡನೆಯದನ್ನು ಹುಡುಕಿ ಕೊಳ್ಳುತ್ತೇನೆ. ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿದೆ, ಏಕೆಂದರೆ ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದಕ್ಕೂ ಮೂರಕ್ಕೂ ಒಂದೇ. ಮುಂದಿನ ಲೋಯರ್ ಆರ್ಮಿನ ರಬ್ಬರ್ ಬುಷ್, ಲಿಂಕ್ ರಾಡ್, ಎಂಜಿನ್ ಮೌಂಟ್, ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸುಗಳು, ನಾಲ್ಕು ಟೈರು. ಬ್ರೇಕ್ ದ್ರವ ಚಹದ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು. ಅದು ಗಾಳಿಯ ತೇವವನ್ನು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ನಂದಿಬೆಟ್ಟದ ಇಳಿಜಾರಿನಂಥ ಕಡೆ ಬಿಸಿಯಾಗಿ ಕುದಿದು ಬ್ರೇಕ್ ಕೈಕೊಡಬಹುದು. ಎಲ್ಲ ಸೇರಿ ಅರವತ್ತೆಂಟು ಸಾವಿರ ಆಯಿತು. ತೆಗೆದಿರಿಸಿದ್ದ ಹಣದೊಳಗೇ ಮುಗಿಯಿತು. ಬುಷ್ ಹಾಕಿಸಿಕೊಂಡು ಹೊರಬಂದ ಸಂಜೆ ಲಾಲ್‌ಬಾಗ್ ಪಕ್ಕದ ರಸ್ತೆಯ ಹಂಪುಗಳನ್ನು ಕಾರು ಸದ್ದಿಲ್ಲದೆ ದಾಟಿದಾಗ ನನಗಾದ ಸಂತೋಷ ಸಣ್ಣದಲ್ಲ. ಹಳೆಯ ಕಾರು ‘ಹಳೆಯದು’ ಅನ್ನಿಸುವುದು ಬಹುಪಾಲು ಈ ರಬ್ಬರಿನ ತುಂಡುಗಳಿಂದಲೇ.

ಈಗ ಮೀಟರು ಎರಡು ಲಕ್ಷದ ಮೂವತ್ತು ಸಾವಿರ ದಾಟಿದೆ. ನಗರದೊಳಗೇ ಹೆಚ್ಚು ಓಡುವುದರಿಂದ ಆಯಿಲನ್ನು ಹತ್ತು ಸಾವಿರದವರೆಗೆ ಎಳೆಯದೆ ಏಳು ಸಾವಿರಕ್ಕೇ ಬದಲಿಸುತ್ತೇನೆ. ರೇಡಿಯೇಟರಿಗೆ ಬೋರ್‌ವೆಲ್ ನೀರನ್ನು ಹತ್ತಿರವೂ ಬಿಡುವುದಿಲ್ಲ. ನಮ್ಮ ಕೊಳವೆಬಾವಿಗಳ ಗಡಸು ನೀರು ಬಿಸಿನೀರಿನ ಗೀಸರಿಗೆ ಏನು ಮಾಡುತ್ತದೋ ರೇಡಿಯೇಟರಿನ ಕೊಳವೆಗೂ ಅದನ್ನೇ ಮಾಡುತ್ತದೆ. ಹೊಸ ತಲೆನೋವು ಎಂದರೆ ಇ20 ಪೆಟ್ರೋಲು. 2023ರ ಏಪ್ರಿಲಿಗೆ ಮುಂಚಿನ ಬಹುತೇಕ ಕಾರುಗಳು ಶೇ 20 ಎಥನಾಲ್ ಬೆರೆತ ಇಂಧನಕ್ಕೆಂದು ತಯಾರಾದವಲ್ಲ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ, ಮೈಲೇಜು ಸ್ವಲ್ಪ ಇಳಿಯುವುದು ಸಹಜ. ನನ್ನ ಆತಂಕ ಅದಲ್ಲ. ಹಳೆಯ ರಬ್ಬರನ್ನು ಅದು ಗಟ್ಟಿಗೊಳಿಸಿ ಬಿರಿಯುವಂತೆ ಮಾಡಬಹುದು ಎಂಬುದು. ಹಾಗಾಗಿ ಟ್ಯಾಂಕಿನಿಂದ ಎಂಜಿನ್ನಿನವರೆಗಿನ ರಬ್ಬರ್ ಪೈಪುಗಳನ್ನು ಇಂಥ ಇಂಧನ ತಡೆಯುವ ಬಗೆಯದಕ್ಕೆ ಬದಲಿಸಿಕೊಂಡೆ. ಕಾರನ್ನು ವಾರಗಟ್ಟಲೆ ನಿಲ್ಲಿಸಿಡುವುದನ್ನೂ ಬಿಟ್ಟಿದ್ದೇನೆ.

ದಾರಿಯಲ್ಲಿ ಕೈಕೊಟ್ಟದ್ದೂ ಉಂಟು. ತುಮಕೂರಿನಿಂದ ಬರುವಾಗ ದಾಬಸ್‌ಪೇಟೆಯ ಬಳಿ ಬ್ಯಾಟರಿಯ ಕೆಂಪು ದೀಪ ಹತ್ತಿತು. ಆಲ್ಟರ್ನೇಟರ್ ವಿದ್ಯುತ್ ಮಾಡುವುದನ್ನು ನಿಲ್ಲಿಸಿತ್ತು. ಹಗಲು ಹೊತ್ತು, ಎಸಿ, ರೇಡಿಯೋ ಎಲ್ಲ ಆರಿಸಿ ಬ್ಯಾಟರಿಯಲ್ಲಿ ಉಳಿದ ಬಲದಿಂದಲೇ ನೆಲಮಂಗಲ ಮುಟ್ಟಿದೆ. ಅಲ್ಲಿನ ಆಟೋ ಎಲೆಕ್ಟ್ರಿಷಿಯನ್ ಅದನ್ನು ಬಿಚ್ಚಿ ಸವೆದು ಚಿಕ್ಕದಾದ ಕಾರ್ಬನ್ ಬ್ರಷ್‌ಗಳನ್ನು ತೋರಿಸಿ, ಬ್ರಷ್ ಮತ್ತು ಬೇರಿಂಗ್ ಬದಲಿಸಿ ಎರಡು ಸಾವಿರದ ಒಳಗೆ ಮುಗಿಸಿದರು. ಇಡೀ ಆಲ್ಟರ್ನೇಟರ್ ಹೊಸದು ಹಾಕಿಸಿದ್ದರೆ ಅದರ ಐದಾರು ಪಟ್ಟು ಆಗುತ್ತಿತ್ತು. ಬಿಚ್ಚಿ ಸರಿಮಾಡುವ ಇಂಥ ಕೈಗಳನ್ನು ನಾನು ಬಹಳ ಗೌರವಿಸುತ್ತೇನೆ. ಅವರಿರುವವರೆಗೂ ಹಳೆಯ ಕಾರುಗಳಿಗೆ ಈ ಊರಿನಲ್ಲಿ ಬದುಕಿದೆ.

ಈ ಕಾರು ಇನ್ನೆಷ್ಟು ವರ್ಷ ಓಡುತ್ತದೆ ಎಂಬ ಪ್ರಶ್ನೆಗೆ ಎಂಜಿನ್ನಿನ ಕಡೆಯಿಂದ ನನ್ನ ಅಂದಾಜು ಮೂರು ಲಕ್ಷ ಕಿಲೋಮೀಟರ್ ಆರಾಮಾಗಿ ಎಂಬುದು. ಎರಡು ಆಯಿಲ್ ಬದಲಾವಣೆಗಳ ನಡುವೆ ಅರ್ಧ ಲೀಟರಿಗಿಂತ ಕಡಿಮೆ ಆಯಿಲ್ ಕುಡಿಯುತ್ತದೆ. ಅದು ಒಂದು ಲೀಟರ್ ದಾಟಿದ ದಿನ ಪಿಸ್ಟನ್ ರಿಂಗ್ ಮತ್ತು ವಾಲ್ವ್ ಸೀಲುಗಳ ಮಾತು ಎತ್ತಬೇಕಾಗುತ್ತದೆ. ಕಾನೂನಿನ ಕಡೆಯಿಂದ 2029ಕ್ಕೆ ನೋಂದಣಿಯ ಹದಿನೈದು ವರ್ಷ ತುಂಬುತ್ತದೆ. ಇಲ್ಲಿ ಆ ವಯಸ್ಸಿಗೆ ಗಾಡಿಯನ್ನು ರಸ್ತೆಯಿಂದ ಇಳಿಸುವುದಿಲ್ಲ. ಅವಧಿ ಮುಗಿಯುವ ಮುನ್ನ ಫಾರ್ಮ್ 25 ಸಲ್ಲಿಸಿ, ತಪಾಸಣೆಯಲ್ಲಿ ಪಾಸಾಗಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿದರೆ ಮತ್ತೆ ಐದು ವರ್ಷಕ್ಕೆ ನವೀಕರಿಸುತ್ತಾರೆ. ಕಾರಿನ ನವೀಕರಣ ಶುಲ್ಕವನ್ನು 2022ರ ಏಪ್ರಿಲಿನಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಿದ್ದಾರೆ. ಆ ತಪಾಸಣೆಗೆ ಬೇಕಾದ ಸೈಲೆನ್ಸರಿನ ಬೆಸುಗೆ ಮತ್ತು ಹಿಂದಿನ ಶಾಕ್ ಅಬ್ಸಾರ್ಬರುಗಳ ಕೆಲಸವನ್ನು ಈ ಮಳೆಗಾಲ ಕಳೆದ ಮೇಲೆ ಮಾಡಿಸುವುದೆಂದು ನಿಗದಿಯಾಗಿದೆ. ಬೀಜದ ವ್ಯಾಪಾರಿ ಕೊಟ್ಟ ನೀಲಿ ಕಡತ ತುಂಬಿದ್ದರಿಂದ ಈ ವರ್ಷದ ಬಿಲ್ಲುಗಳಿಗೆ ಎರಡನೆಯದನ್ನು ತಂದಿದ್ದೇನೆ.